ರೈಟ್ರು ಮೈಕಿನಲ್ಲಿ ಹಾಕಿದ ಕೂ

ಹೆಸರು ಹಾಕಬಾರದು ಎಂದು ಅವರೇ ಷರತ್ತು ಹಾಕಿದ್ದಾರೆ. ಕಳೆದ ವಾರ ಸಂಸೆಗೆ ಹೋಗಿ, "ನಿಮ್ಮ ಬಗ್ಗೆ ನಾಲ್ಕು ಸಾಲು ಬರೀಬೇಕು ಅಂತಿದ್ದೇನೆ" ಎಂದು ಅಪ್ಪಣೆ ಕೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆ, "ಬರೀರಿ ಮೇಷ್ಟ್ರೇ, ಬೇಡ ಅನ್ನಲ್ಲ. ಆದ್ರೆ ಹೆಸರು ಹಾಕಿದ್ರೋ, ನೀವು ಡಿಸ್‌ಕ್ವಾಲಿಫೈ" ಅಂದರು. ಆದ್ದರಿಂದ ಇಲ್ಲಿ ಅವರು ಬರೀ ರೈಟ್ರು. ನಮ್ಮ ಕಡೆ ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನಲ್ಲ, ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವನು. ದೇವರಮನೆ ರಸ್ತೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ಹಾಜರಿ ಬರೆದು, ಈಗ ಹೆಂಡತಿಯ ಊರಾದ ಸಂಸೆಯಲ್ಲಿ ನಿವೃತ್ತರಾಗಿ ಕೂತಿದ್ದಾರೆ.

ಬರೆಯುವ ಹುಕಿ ಹುಟ್ಟಿದ್ದು ಈ ವರ್ಷದ ಮೂಡಿಗೆರೆ ತಾಲ್ಲೂಕು ಕ್ರೀಡಾಕೂಟದಿಂದ. ಹೊಸ ಸ್ಟಾರ್ಟರ್ ಬಂದಿದ್ದ. ಸ್ಟಾರ್ಟರ್ ಎಂದರೆ ಓಟಗಾರರನ್ನು ಸಾಲಾಗಿ ನಿಲ್ಲಿಸಿ ಪಿಸ್ತೂಲು ಹಾರಿಸುವವನು. ಎಳೆಯ ಪ್ರಾಯ, ಕೈಯಲ್ಲಿ ಕರೆಂಟಿನ ಗನ್ನು. ಹೊಗೆ ಇಲ್ಲ, ವಾಸನೆ ಇಲ್ಲ, ಒತ್ತಿದರೆ "ಟೊಂಯ್" ಅನ್ನುತ್ತದೆ. ಎಲ್ಲ ಓಟಗಳೂ ಹೇಳಿದ ಹೊತ್ತಿಗೆ ಹೇಳಿದ ಹಾಗೆ ನಡೆದು, ಮಧ್ಯಾಹ್ನ ಮೂರಕ್ಕೆಲ್ಲ ಶಾಮಿಯಾನ ಬಿಚ್ಚಿದರು. ಮನೆಗೆ ಬಂದವನನ್ನು ಹೆಂಡತಿ ಕೇಳಿದಳು, "ಹ್ಯಾಗಿತ್ತು?" "ಥೂ, ಎಂಥ ಮಜಾನೂ ಇಲ್ಲ ಮಾರಾಯ್ತಿ" ಅಂದೆ. ನಾನು ಸುಳ್ಳು ಹೇಳಲಿಲ್ಲ.

ರೈಟ್ರದ್ದು ದೊಡ್ಡ ಹೊಟ್ಟೆ, ಸಣ್ಣ ಕಾಲು. ಇಪ್ಪತ್ತೈದು ವರ್ಷ ತಾಲ್ಲೂಕಿನ ಮಕ್ಕಳನ್ನೆಲ್ಲ ಓಡಿಸಿದ ಈ ಮನುಷ್ಯ ಸ್ವತಃ ಓಡಿದ್ದನ್ನು ಕಂಡವರಿಲ್ಲ. ಬಸ್ಸು ಹೊರಟು ನಿಂತಿದ್ದರೂ ಅವರು ನಡೆದೇ ಬರುತ್ತಿದ್ದರು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಸ್ವಲ್ಪ ಓಡಿ ಬನ್ನಿ ರೈಟ್ರೇ!" ಎಂದು ಕೂಗಿದರೆ, "ನೀನು ಶಿಳ್ಳೆ ಹಾಕಿಲ್ಲವಲ್ಲ ಇನ್ನೂ" ಅನ್ನುವರು. ಎಷ್ಟೋ ಸಲ ಬಸ್ಸು ಹೋಗಿಯೇ ಬಿಡುತ್ತಿತ್ತು. ಅವರಿಗೆ ಅದರ ಬಗ್ಗೆ ಬೇಸರವೇನೂ ಇರುತ್ತಿರಲಿಲ್ಲ. ಮುಂದಿನ ಬಸ್ಸಿನ ತನಕ ಕಲ್ಲಿನ ಮೇಲೆ ಕೂತು ಎಲೆ ಹಾಕುತ್ತಿದ್ದರು.

ಸ್ಟಾರ್ಟರ್ ಆಗುವ ವಿದ್ಯೆಯನ್ನು ಅವರು ಕಲಿತದ್ದು ಮೈದಾನದಲ್ಲಲ್ಲ, ಕಾಫಿ ತೋಟದಲ್ಲಿ. ಕೊಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವವರಿಗೆ ಒಳ್ಳೆ ಫಸಲಿನ ಗಿಡ ಸಿಕ್ಕರೆ ಹಬ್ಬ. ಅದಕ್ಕೆ ಬೆಳಗ್ಗೆ ಎಲ್ಲರೂ ಮುಂದೆ ನುಗ್ಗಿ, ಗಿಡದ ಗೆಲ್ಲು ಮುರಿದು, ಜಡೆ ಹಿಡಿದು ಜಗಳವಾಗುತ್ತಿತ್ತು. ರೈಟ್ರು ಒಂದು ಕಾನೂನು ತಂದರು. ಎಲ್ಲರೂ ಚೀಲ ಕಟ್ಟಿಕೊಂಡು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಲ್ಲಬೇಕು. ಅವರು ಶಿಳ್ಳೆ ಊದುವ ತನಕ ಒಂದು ಹಣ್ಣೂ ಮುಟ್ಟಬಾರದು. ಮುಟ್ಟಿದವರಿಗೆ ಅವತ್ತು ಎಲ್ಲರ ಹಿಂದಿನ ಸಾಲು, ಕಾಯಿಯೇ ಜಾಸ್ತಿ ಇರುವ ಗಿಡ. ಮೊದಲ ದಿನವೇ ಸಿಕ್ಕಿಬಿದ್ದದ್ದು ಮೇಸ್ತ್ರಿಯ ಹೆಂಡತಿ. "ನನ್ನನ್ನೇ ಹಿಂದೆ ಕಳಿಸ್ತೀರಾ ರೈಟ್ರೇ?" ಎಂದು ಆಯಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಕೈಗೆ ಮೇಸ್ತ್ರಿ ಹೆಂಡತಿ ಅಂತ ಬರೆದಿರಲ್ಲ ಕಣವ್ವ, ಹೋಗು" ಅಂದರು. ಹೋದಳು. ಆಮೇಲೆ ತೋಟದಲ್ಲಿ ಜಗಳ ನಿಂತಿತು. ಆ ಸುದ್ದಿ ಕೇಳಿಯೇ ತಾಲ್ಲೂಕು ಕೂಟದವರು ಅವರ ಕೈಗೆ ಪಿಸ್ತೂಲು ಕೊಟ್ಟದ್ದು.

ಈ ಹುಚ್ಚು ತೋಟಕ್ಕೆ, ಮೈದಾನಕ್ಕೆ ಮಾತ್ರ ಇದ್ದಿದ್ದರೆ ಆಗುತ್ತಿತ್ತು. ಮಲ್ಲಂದೂರಿನಲ್ಲಿ ಒಂದು ಮದುವೆ ಊಟ. ನಾನು ಅವರ ಎದುರು ಸಾಲಿನಲ್ಲಿ ಕೂತಿದ್ದೆ. ಹಸಿವು ಅಂದರೆ ಹಸಿವು. ಅನ್ನ ಇನ್ನೂ ಸಾಲಿನ ಆ ತುದಿಯಲ್ಲೇ ಇತ್ತು, ನಾನು ಮೆಲ್ಲಗೆ ಪಾಯಸಕ್ಕೆ ಬೆರಳು ಅದ್ದಿ ನೆಕ್ಕಿದೆ. ತಲೆ ಎತ್ತಿದರೆ ರೈಟ್ರು ಜೇಬಿನಿಂದ ಕೆಂಪು ಕರ್ಚೀಫು ತೆಗೆದು, ತಪ್ಪಿ ಓಡಿದವರನ್ನು ಹೊರಗೆ ಹಾಕುವ ಬಾವುಟದ ಹಾಗೆ ನನ್ನ ಕಡೆಗೆ ಎತ್ತಿ ಹಿಡಿದಿದ್ದಾರೆ! ಇಡೀ ಪಂಕ್ತಿ ಘೊಳ್ಳೆಂದಿತು. ಬಡಿಸುವವನು ನಿಜಕ್ಕೂ ನನ್ನ ಎಲೆ ದಾಟಿ ಮುಂದೆ ಹೋದ. ಅವರ ಮನೆಯವರನ್ನು ಕೇಳಿದರೆ ಇದೇನೂ ಹೊಸದಲ್ಲ. "ನಮ್ಮ ಮದುವೇಲಿ ಯಾರೋ ಮುಂಚೆ ಅಕ್ಷತೆ ಹಾಕಿದ್ರು ಅಂತ, ತಾಳಿ ಕಟ್ಟೋದು ಬಿಟ್ಟು ಅವರನ್ನೇ ದುರುಗುಟ್ಟಿ ನೋಡ್ತಾ ನಿಂತಿದ್ರು" ಎಂದು ಆಕೆ ಇವತ್ತಿಗೂ ಹೇಳಿ ನಗುತ್ತಾರೆ.

ಈಗ ನನ್ನ ಪಾತ್ರ. ನಾನು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಕ್ರೀಡಾಕೂಟದಲ್ಲಿ ಟೈಮ್‌ಕೀಪರ್. ರೈಟ್ರು ಓಟದ ಈ ತುದಿ, ನಾನು ವಾಚು ಹಿಡಿದು ಆ ತುದಿ. ನಮ್ಮ ಕೂಟಗಳು ನಡೆಯುವುದು ಜಿಟಿಜಿಟಿ ಮಳೆಯ ಕಾಲದಲ್ಲಿ. ಈಗ ತಿಳಿಯಾಗಿದ್ದ ಮೈದಾನದಲ್ಲಿ ಇನ್ನೊಂದು ಗಳಿಗೆಗೆ ಮಂಜು ಇಳಿದು, ನೂರು ಮೀಟರಿನ ಆ ತುದಿಯಲ್ಲಿ ಮನುಷ್ಯರಿದ್ದಾರೋ ಎಮ್ಮೆ ಇದೆಯೋ ಕಾಣುವುದಿಲ್ಲ. ಬಾವುಟ ಬೀಸಿದರೆ ಬೀಸಿದವನಿಗೂ ಕಾಣುವುದಿಲ್ಲ. ಅದಕ್ಕೆ ನಾವಿಬ್ಬರೂ ಮಲೆನಾಡಿನ ಹಳೆಯ ಉಪಾಯವನ್ನೇ ಹಿಡಿದೆವು. ಗುಡ್ಡದ ಆಚೆ ಇರುವವರನ್ನು ಕರೆಯಲು ನಾವು ಕೂ ಹಾಕುವುದಿಲ್ಲವೇ, ಹಾಗೆ. ರೈಟ್ರು "ಸೆಟ್" ಅನ್ನುತ್ತಿದ್ದರು. ನಾನು ಮಂಜಿನೊಳಗಿಂದ, ವಾಚು ಸಿದ್ಧ ಎನ್ನಲು "ಕೂ" ಹಾಕುತ್ತಿದ್ದೆ. ಕೇಳಿಸಿತು ಎನ್ನಲು ಅವರೊಂದು ಗಿಡ್ಡ "ಕೂ" ಹಾಕಿ, ಢಂ ಅನ್ನಿಸುತ್ತಿದ್ದರು. ಇಪ್ಪತ್ತೈದು ವರ್ಷ ಹೀಗೇ ನಡೆಯಿತು. ಅವರ ಕೂಗಿಗೇ ಕಾಲು ಕೀಳುವ ಕಳ್ಳರೂ ಇದ್ದರು. ಅಂಥವರಿಗೆ ಕೆಂಪು ಬಾವುಟ. ತಾಯಂದಿರು ಬಂದು ಬೈದರೂ, ಹೆಡ್‌ಮಾಸ್ತರರು ಬಂದು ಬೇಡಿಕೊಂಡರೂ, ಒಮ್ಮೆ ಊರಿನ ದೊಡ್ಡ ಪ್ಲಾಂಟರೇ ಮೊಮ್ಮಗನ ಪರವಾಗಿ ಜೀಪಿನಿಂದ ಇಳಿದು ಬಂದರೂ ಬಾವುಟ ಕೆಳಗಿಳಿಯಲಿಲ್ಲ.

ಮಳೆಗೆ ಪಿಸ್ತೂಲಿನ ಕೇಪುಗಳು ಥಂಡಿ ಹಿಡಿದು ಠುಸ್ ಅನ್ನುತ್ತವೆಂದು ಅವರು ಅವನ್ನು ಡಬ್ಬಿಯಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ, ಒಣಮೀನು ಇಡುವ ಜಾಗದಲ್ಲಿ ಇಡುತ್ತಿದ್ದರು. "ಒಂದಿನ ಅನ್ನದ ಜೊತೆ ನಾನೂ ಸ್ಟಾರ್ಟ್ ಆಗಿಬಿಡ್ತೀನಿ" ಎಂದು ಮನೆಯವರು ಗೊಣಗುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಅವರು ನಮ್ಮೂರಿನ ಒಬ್ಬ ತಮಾಷೆಯ ಮನುಷ್ಯರಾಗಿ ಉಳಿಯುತ್ತಿದ್ದರು. ಆದರೆ ಅವರಿಗೊಂದು ಆಸೆ ಇತ್ತು, ಅದನ್ನು ನನಗೊಬ್ಬನಿಗೇ ಹೇಳಿದ್ದರು. ಜೀವಮಾನದಲ್ಲಿ ಒಂದು ಸಲ, ದೇಶ ದೇಶದವರು ಓಡುವ ಗಂಡಸರ ನೂರು ಮೀಟರಿನ ಫೈನಲ್ಲಿಗೆ ತಾವು ಗನ್ನು ಹಾರಿಸಬೇಕು. "ಹತ್ತೇ ಸೆಕೆಂಡ್ ಮೇಷ್ಟ್ರೇ. ಆದ್ರೆ ಅದಕ್ಕೂ ಮುಂಚೆ ಒಂದು ಗಳಿಗೆ ಇರ್ತದಲ್ಲ, ಸೆಟ್ ಅಂದ್ಮೇಲೆ. ಲೋಕದಲ್ಲೇ ಜೋರಾಗಿ ಓಡೋ ಎಂಟು ಜನ ನಾನು ಹೇಳೋ ತನಕ ಅಲ್ಲಾಡ್ದೆ ಇರ್ತಾರೆ. ಅದೊಂದು ನೋಡ್ಬೇಕು" ಎಂದಿದ್ದರು. ಅದಕ್ಕಾಗಿ ಕೊಯ್ಲು ಮುಗಿದ ಮೇಲೆ ಚಿಕ್ಕಮಗಳೂರಿಗೆ ಹೋಗಿ ಪರೀಕ್ಷೆ ಬರೆದರು. ಆಮೇಲೆ ಬೆಂಗಳೂರು, ಆಮೇಲೆ ಡೆಲ್ಲಿ. ಇಂಗ್ಲಿಷಿನ ನಿಯಮದ ಪುಸ್ತಕವನ್ನು ಹಾಜರಿ ಪುಸ್ತಕದ ಕೆಳಗಿಟ್ಟುಕೊಂಡು ಬಾಯಿಪಾಠ ಮಾಡಿದರು. ಎರಡು ಸಲ ಫೇಲಾದರು, ಮೂರನೆಯ ಸಲ ಪಾಸಾದರು. ಕೊನೆಗೊಂದು ದಿನ ಕಾಗದ ಬಂತು. ನಮ್ಮ ದೇಶದಲ್ಲೇ, ದೂರದ ಒಂದು ನಗರದಲ್ಲಿ ನಡೆಯುವ ಅಂತರರಾಷ್ಟ್ರೀಯ ಕೂಟಕ್ಕೆ ಅವರು ಸ್ಟಾರ್ಟರ್. ಗಂಡಸರ ನೂರು ಮೀಟರಿನ ಒಂದು ಸೆಮಿಫೈನಲ್ ಅವರದ್ದು, ಫೈನಲ್ಲೂ ಅವರದ್ದೇ.

ಕಾಗದ ಓದಿ ಅವರಿಗಿಂತ ಜಾಸ್ತಿ ಕುಣಿದವನು ನಾನು. ಮೂಡಿಗೆರೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ಕೆಂಪು ಕೋಟು ತಾವೇ ತರಬೇಕೆಂದು ಕಾಗದದಲ್ಲಿತ್ತು. ಟೈಲರಿನ ಹತ್ತಿರ ಕರೆದುಕೊಂಡು ಹೋದೆ. ರೈಟ್ರು ಅಂಗಡಿಯಲ್ಲಿ ಬಲಗೈಯನ್ನು ಆಕಾಶಕ್ಕೆ ಎತ್ತಿ ನಿಂತುಬಿಟ್ಟರು. "ಗನ್ ಹಿಡಿಯೋ ಕೈ ಇದು. ಹೀಗೇ ಅಳತೆ ತಗೊಳಿ. ತೋಳು ಮೇಲೆ ಜಗ್ಗಬಾರದು." ಟೈಲರ್ ಹೇಳಿದ ಹಾಗೆಯೇ ಹೊಲಿದ. ಕೈ ಎತ್ತಿದಾಗ ಕೋಟು ಅಚ್ಚುಕಟ್ಟಾಗಿ ಮಣಿಕಟ್ಟಿಗೆ ಬರುತ್ತಿತ್ತು. ಕೈ ಇಳಿಸಿದರೆ ಬಲತೋಳು ಬೆರಳು ಮುಚ್ಚಿ ಜೋಲಾಡುತ್ತಿತ್ತು. ಇನ್ನೊಮ್ಮೆ ಹೊಲಿಸಲು ಸಮಯವಿರಲಿಲ್ಲ. "ಪರವಾಗಿಲ್ಲ, ಕೈ ಎತ್ತಿಕೊಂಡೇ ಇರ್ತೀನಿ" ಎಂದು ಬಸ್ಸು ಹತ್ತಿದರು.

ಸೆಮಿಫೈನಲ್ಲಿನ ಸಂಜೆ ನಾವೆಲ್ಲ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಟೀವಿ ಮುಂದೆ ಕೂತಿದ್ದೆವು. ಕಾಲಿಡಲು ಜಾಗವಿಲ್ಲ. ಟೈಲರ್ ಮುಂದಿನ ಬೆಂಚಿನಲ್ಲೇ ಇದ್ದ. ಬೇರೆ ಅಧಿಕಾರಿಗಳ ನಡುವೆ ನಮ್ಮವರು ಯಾರೆಂದು ಗುರುತು ಹಿಡಿಯಲು ಕಷ್ಟವೇ ಆಗಲಿಲ್ಲ. ಜೋಲು ತೋಳಿನ ಕೆಂಪು ಕೋಟು ಕಂಡ ಕೂಡಲೇ, "ಅಗೋ ನನ್ನ ಕೋಟು!" ಎಂದು ಟೈಲರ್ ಎದ್ದು ನಿಂತ. ಅಲ್ಲಿಯೂ ಸಣ್ಣಗೆ ಮಳೆ ಹನಿಯುತ್ತಿತ್ತು. ರೈಟ್ರ ಮುಂದೆ ಮೈಕು. ಅವರು ಹೇಳಿದ್ದು ಓಟಗಾರರಿಗೆ ಸರಿಯಾಗಿ ಕೇಳಲೆಂದು ಪ್ರತಿ ಓಟಗಾರನ ಬೆನ್ನ ಹಿಂದೆಯೇ ಒಂದು ಸ್ಪೀಕರ್ ಇಟ್ಟಿರುತ್ತಾರೆ. "ಆನ್ ಯುವರ್ ಮಾರ್ಕ್ಸ್" ಅಂದರು. ಎಂಟು ಜನ ಬಗ್ಗಿದರು. ರೈಟ್ರ ಕೈ ಮೇಲೆ ಹೋಯಿತು. "ಸೆಟ್."

ಸ್ಟೇಡಿಯಂ ಎಲ್ಲ ಸ್ತಬ್ಧ. ಅಷ್ಟರಲ್ಲಿ ಆ ತುದಿಯ ಪ್ರೇಕ್ಷಕರ ನಡುವಿನಿಂದ ಯಾವ ಪುಣ್ಯಾತ್ಮನೋ ಹುರುಪಿಗೆ "ಕೂ..." ಎಂದ.

ಅದಕ್ಕೆ ಉತ್ತರವಾಗಿ, ಎಂಟು ಸ್ಪೀಕರುಗಳಿಂದ ಒಟ್ಟಿಗೆ, ಗಿಡ್ಡದಾಗಿ, ಸ್ಪಷ್ಟವಾಗಿ, ಇನ್ನೊಂದು "ಕೂ" ಬಂತು.

ಆರನೇ ಲೇನಿನ ಹುಡುಗ ಬಾಣದ ಹಾಗೆ ಹಾರಿದ. ಮರುಕ್ಷಣ ವಾಪಸು ಕರೆಯುವ ಗುಂಡು ಸಿಡಿಯಿತು. ಹುಡುಗನ ಹಿಂದೆ ಕೆಂಪು ದೀಪ. ಒಂದೇ ತಪ್ಪು ಹೆಜ್ಜೆಗೆ ಹೊರಗೆ ಹಾಕುವುದು ಅಲ್ಲಿನ ನಿಯಮ. ನಾವು ಹೆಸರೂ ಕೇಳಿರದ ಯಾವುದೋ ಪುಟ್ಟ ದ್ವೀಪದ ಹುಡುಗ ಅವನು. ಸ್ಪೀಕರಿನ ಕಡೆ ಕೈ ತೋರಿಸಿ ತೋರಿಸಿ ಏನೋ ಹೇಳುತ್ತಿದ್ದ. ಪ್ರೇಕ್ಷಕರ ಗಲಾಟೆಯೆಂದು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬರು ಬಂದು ಅವನ ಮುಖದ ಮುಂದೆ ಕೆಂಪು ಕಾರ್ಡು ಹಿಡಿದರು. ರೈಟ್ರು ಕಂಬದ ಹಾಗೆ ನಿಂತಿದ್ದರು. ಹುಡುಗ ತಲೆಯ ಮೇಲೆ ಕೈ ಹೊತ್ತು ಹೊರಗೆ ನಡೆದ. ಉಳಿದ ಏಳು ಜನ ಓಡಿದರು.

ಇಡೀ ಪ್ರಪಂಚ ಟೀವಿ ನೋಡುತ್ತಿತ್ತು, ಆ ಕೂ ಯಾರದ್ದೆಂದು ಗೊತ್ತಿದ್ದದ್ದು ಮೂಡಿಗೆರೆಯ ಒಂದು ಹೋಟೆಲಿನವರಿಗೆ ಮಾತ್ರ. ಟೈಲರ್, "ಅಯ್ಯೋ ದೇವರೇ, ರೈಟ್ರು" ಅಂದ.

ಐದು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ಅವರದ್ದೇ. ಎದ್ದು ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಜಾಗಕ್ಕೆ ಹೋದೆ.

"ಮೇಷ್ಟ್ರೇ, ಅಲ್ಲಿಗೆ ಕೇಳ್ತಾ?"

"ಕೇಳ್ತು."

"ಹಾಗಾದ್ರೆ ಜೋರಾಗೇ ಬಂದಿದೆ. ನಾನು ಹಾಕಿದ್ದಲ್ಲ ಮಾರಾಯ್ರೆ, ಗಂಟಲು ತಾನೇ ಹಾಕಿಬಿಡ್ತು. ಆ ತುದಿಯಿಂದ ಕೂ ಅಂದ್ರು. ಮಳೆ ಬೇರೆ. ನೀವೇ ಅನ್ನಿಸ್ತು."

"ಅಲ್ಲಿ ಯಾರಿಗಾದ್ರೂ ಗೊತ್ತಾಯ್ತಾ?"

"ಇಲ್ಲ. ಯಾರೋ ಸ್ಟ್ಯಾಂಡಿಂದ ಕೂಗಿದ್ರು ಅಂದ್ಕೊಂಡಿದ್ದಾರೆ. ಆ ಹುಡುಗ ಅಲ್ಲೇ ಗೋಡೆ ಹತ್ರ ಕೂತು ಅಳ್ತಾ ಇದ್ದಾನೆ. ಅವರ ಕೋಚ್ ತಕರಾರು ಬರೀತಾ ಇದ್ದಾನೆ. ಸಾಕ್ಷಿ ಇಲ್ಲದೆ ನಿಲ್ಲಲ್ಲ ಅದು."

ಈಗ ನಾನು ಏನು ಹೇಳಿದೆನೋ ಅದನ್ನು ಹಾಗೆಯೇ ಬರೆಯುತ್ತೇನೆ. "ಹಾಗಾದ್ರೆ ಸುಮ್ಮನಿರಿ ರೈಟ್ರೇ. ಇನ್ನೊಂದೂವರೆ ಗಂಟೆಗೆ ಫೈನಲ್. ಇಡೀ ಊರು ಕಾಯ್ತಾ ಕೂತಿದೆ. ಈಗ ಬಾಯಿ ಬಿಟ್ರೆ ನಿಮ್ಮನ್ನ ಅದಕ್ಕೆ ನಿಲ್ಲಿಸ್ತಾರಾ? ಇಷ್ಟು ವರ್ಷದ್ದು ಎಲ್ಲ ನೀರಲ್ಲಿ ಹೋಮ. ಅವನಿಗೆ ಇನ್ನೂ ಪ್ರಾಯ ಇದೆ, ಮುಂದಿನ ಸಲ ಓಡ್ತಾನೆ. ನಿಮಗೆ ಮುಂದಿನ ಸಲ ಇದೆಯಾ? ಯಾರಿಗೂ ಗೊತ್ತಾಗಲ್ಲ ಮಾರಾಯ್ರೆ, ಸುಮ್ಮನಿರಿ."

ಅವರು "ಹೂಂ" ಎಂದು ಫೋನಿಟ್ಟರು.

ಒಳಗೆ ಬಂದು ಕೂತೆ. ಯಾರ ಫೋನೆಂದು ಕೇಳಿದವರಿಗೆ ಮನೆಯಿಂದ ಅಂದೆ. ಅರ್ಧ ಗಂಟೆಯಾಗಿರಬಹುದು, ಟೀವಿಯಲ್ಲಿ ಮತ್ತೆ ನೂರು ಮೀಟರಿನ ಟ್ರ್ಯಾಕು ಕಾಣಿಸಿತು. ಎಂಟು ಲೇನು, ಒಬ್ಬನೇ ಓಟಗಾರ. ಆರನೇ ಲೇನಿನ ಅದೇ ಹುಡುಗ. ಸ್ಟಾರ್ಟರ್ ತಮ್ಮ ತಪ್ಪು ಒಪ್ಪಿಕೊಂಡಿದ್ದಾರೆ, ಆದ್ದರಿಂದ ಇವನಿಗೆ ಒಂಟಿಯಾಗಿ ಓಡಲು ಅವಕಾಶ ಕೊಟ್ಟಿದ್ದಾರೆ, ಸಮಯ ಸಾಕಷ್ಟು ಚೆನ್ನಾಗಿ ಬಂದರೆ ಫೈನಲ್ಲಿಗೆ ಹೋಗುತ್ತಾನೆ ಎಂದು ವೀಕ್ಷಕ ವಿವರಣೆಯವನು ಹೇಳಿದ. ಮೈಕಿನ ಮುಂದೆ ನಿಂತಿದ್ದವರು ಬೇರೆ ಯಾರೋ. ಅವರ ಕೋಟಿನ ಎರಡೂ ತೋಳು ಸರಿಯಾಗಿದ್ದವು.

"ಹೇಳಿಬಿಟ್ಟಿದ್ದಾರೆ ರೈಟ್ರು" ಎಂದು ಹೋಟೆಲಿನ ಮಾಲೀಕರು ಮೆಲ್ಲಗೆ ಅಂದರು.

ಗುಂಡು ಸಿಡಿಯಿತು, ಹುಡುಗ ಓಡಿದ. ಪಕ್ಕದಲ್ಲಿ ಯಾರೂ ಇಲ್ಲದೆ ಅಷ್ಟು ಜೋರಾಗಿ ಓಡುವ ಮನುಷ್ಯನನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಅವನ ದೇಶ ಭೂಪಟದಲ್ಲಿ ಎಲ್ಲಿದೆಯೆಂದು ಗೊತ್ತಿಲ್ಲದ ನಾವು ಬೆಂಚು ಹತ್ತಿ, "ಓಡೋ, ಓಡೋ ಮಾರಾಯ!" ಎಂದು ಗಂಟಲು ಹರಿದುಕೊಂಡೆವು. ಟೈಲರ್ ಕುಣಿದ ರಭಸಕ್ಕೆ ಯಾರದ್ದೋ ಕಾಫಿ ಯಾರದ್ದೋ ಪಂಚೆಗೆ ಬಿತ್ತು. ಹುಡುಗನಿಗೆ ಕೂದಲೆಳೆಯಷ್ಟರಲ್ಲಿ ಫೈನಲ್ ತಪ್ಪಿತು. ಅವನು ಗೆರೆ ದಾಟಿ, ಗಡಿಯಾರ ನೋಡಿ, ಸೊಂಟಕ್ಕೆ ಕೈ ಕೊಟ್ಟು ನಕ್ಕ. ಫೈನಲ್ಲನ್ನೂ ತೋರಿಸಿದರು. ಯಾರು ಗೆದ್ದರೆಂದು ನಮಗೆ ಯಾರಿಗೂ ನೆನಪಿಲ್ಲ.

ಮೂರನೇ ದಿನ ರೈಟ್ರು ಬಸ್ಸಿಳಿದರು. ಸೀದಾ ಹೋಟೆಲಿಗೆ ಎಳೆದುಕೊಂಡು ಹೋದೆವು. ಎಲ್ಲರಿಗೂ ಬಾಯಿ.

"ಏನು ರೈಟ್ರೇ, ಆ ಹುಡುಗಂಗೂ ಫೈನಲ್ ಇಲ್ಲ, ನಿಮಗೂ ಇಲ್ಲ. ಏನು ಸಿಕ್ತು?"

"ಅವನು ಓಡಿದ ಅಲ್ವಾ" ಅಂದರು ರೈಟ್ರು, ವಡೆ ಮುರಿಯುತ್ತಾ.

"ಆಮೇಲೆ ಸಿಕ್ಕಿದ್ನಾ? ಏನಂದ?"

"ಬಂದು ಕೈ ಹಿಡ್ಕೊಂಡು ಏನೇನೋ ಹೇಳ್ದ. ಅವನ ಭಾಷೆ ನಂಗೆಲ್ಲಿ ಬರ್ತದೆ? ನಾನು 'ಊಟ ಆಯ್ತಾ?' ಅಂದೆ."

ನಕ್ಕೂ ನಕ್ಕೂ ಹೋಟೆಲು ಬಿದ್ದು ಹೋಯಿತು. "ಯಾರಾದ್ರೂ ಸುಮ್ಮನಿರಿ ಅಂತ ಒಂದು ಮಾತು ಹೇಳಬಾರದಿತ್ತಾ ನಿಮಗೆ?" ಎಂದು ಟೈಲರ್ ಕೇಳಿದ. ನಾನು ಕಾಫಿ ಲೋಟ ಬಾಯಿಗಿಟ್ಟೆ. ರೈಟ್ರು ನನ್ನ ಕಡೆ ನೋಡಲೂ ಇಲ್ಲ. "ಅಲ್ಲಿ ನಂಗೆ ಯಾರ ಗುರುತಿತ್ತು ಮಾರಾಯ" ಎಂದು ಇನ್ನೊಂದು ವಡೆ ಹೇಳಿದರು.

ಸಂಜೆ ಅವರನ್ನು ಎಸ್ಟೇಟಿನ ಗೇಟಿನ ತನಕ ಬಿಡಲು ನಾನೊಬ್ಬನೇ ಜೊತೆಗೆ ನಡೆದೆ. ಅರ್ಧ ದಾರಿಗೆ ನನಗೆ ತಡೆಯಲಾಗಲಿಲ್ಲ.

"ರೈಟ್ರೇ, ನಾನು ಹೇಳಿದ್ದು ಕೇಳಬಹುದಿತ್ತು. ಸತ್ಯವಾಗ್ಲೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಅವರು ನಿಂತರು. ಸಿಟ್ಟಿರಲಿಲ್ಲ, ನನಗೆ ಇಷ್ಟು ಸಣ್ಣ ಲೆಕ್ಕ ಗೊತ್ತಾಗಲಿಲ್ಲವಲ್ಲ ಎಂಬಂತೆ ನೋಡಿದರು.

"ನಿಮಗೆ ಗೊತ್ತಿತ್ತಲ್ಲ ಮೇಷ್ಟ್ರೇ. ಬರೋ ತಿಂಗಳು ನಮ್ಮ ಕೂಟ. ಆ ತುದೀಲಿ ವಾಚ್ ಹಿಡ್ಕೊಂಡು ನಿಲ್ಲೋರು ನೀವು. ನಾನು ಯಾವುದೋ ಮಗೂನ ಹೊರಗೆ ಕಳಿಸಿದಾಗ, ನೀವು ನನ್ನ ಬಗ್ಗೆ ಏನಂದ್ಕೊಳ್ತಿದ್ರಿ?"

ಈ ಮನುಷ್ಯ ಜೀವಮಾನದ ಆಸೆಯನ್ನು ಬಿಟ್ಟುಕೊಟ್ಟಿದ್ದು ನಾನು ಏನಂದುಕೊಳ್ಳುತ್ತೇನೋ ಎಂಬ ಅಂಜಿಕೆಯಿಂದ. ಆ ಅಂಜಿಕೆಗೆ ನಾನು ಯೋಗ್ಯನಾಗಿರಲಿಲ್ಲ, ನಾಚಿಕೆಯಾಯಿತು. ಸುಮ್ಮನಿರಿ ಎಂದವನು ನಾನೆಂದು ಅವರು ಇವತ್ತಿನವರೆಗೆ ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಹೆಂಡತಿಯ ಹತ್ತಿರ ಕೂಡ. ನಾನೂ ಬಿಟ್ಟಿರಲಿಲ್ಲ. ಈ ಬರಹ ಅಚ್ಚಾದ ದಿನ ಹೋಟೆಲಿನಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾರೆ. ನಾನೂ ಹೋಗಿ ಮುಂದಿನ ಬೆಂಚಿನಲ್ಲಿ ಕೂರುತ್ತೇನೆ.